ಜಗಲಿ ಮೇಲೆ ಕೂತವರ ಗತಕಾಲ

ಮದುವೆ ಮನೆಯ ಪಂಕ್ತಿಯಲ್ಲಿ, ನಿವೃತ್ತರ ವಾಕಿಂಗ್ ಗುಂಪಿನಲ್ಲಿ, ವಾಟ್ಸಾಪಿನ ಶುಭೋದಯಗಳ ನಡುವೆ ಎಲ್ಲಿ ನೋಡಿದರೂ ಒಂದೇ ಮಾತು: 'ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು!' ಹಳೆ ಮೈಸೂರಿನ ತೊಟ್ಟಿಮನೆ, ಉತ್ತರದ ಗೌಡರ ವಾಡೆ, ಸೌದೆ ಒಲೆಯ ಅಡುಗೆ, ಬಾವಿಯ ಸಿಹಿನೀರು, ಮನೆ ತುಂಬ ಜನ, ಕಣಜ ತುಂಬ ಕಾಳು. ಈಗ ಇದೇ ಒಂದು ವ್ಯಾಪಾರ. ರೆಸಾರ್ಟಿಗೆ ದುಡ್ಡು ಕೊಟ್ಟು ಹೋದರೆ ಎತ್ತಿನ ಗಾಡಿಯಲ್ಲಿ ಸುತ್ತಾಡಿಸುತ್ತಾರೆ, ಬೀಸುಕಲ್ಲಿನ ಮುಂದೆ ಕೂರಿಸಿ ಫೋಟೊ ತೆಗೆಯುತ್ತಾರೆ.

ನಾನು ಕೇಳುವುದು ಇಷ್ಟೇ. ಆ ಮನೆಗೆ ನೀರು ಹೊತ್ತವರು ಯಾರು? ಆ ಒಲೆಗೆ ಸೌದೆ ಸೀಳಿದವರು ಯಾರು? ಆ ಕಣಜ ತುಂಬಿದವನು ರಾತ್ರಿ ಉಂಡದ್ದೇನು? ಅವರನ್ನು ಒಂದು ಮಾತೂ ಕೇಳದೆ ನೀವು ಬರೆದಿಟ್ಟ ಗತಕಾಲ ಸುಳ್ಳು. ಅದು ಜಗಲಿ ಮೇಲೆ ಕೂತವರ ನೆನಪು. ಅಂಗಳದಾಚೆ ನಿಂತವರಿಗೆ ನೆನಪಿರಲಿಲ್ಲ ಎಂದಲ್ಲ, ಅದನ್ನು ಬರೆಯಲು ಅಕ್ಷರ ಕೊಟ್ಟಿರಲಿಲ್ಲ.

ಬಾವಿಯಿಂದಲೇ ಶುರು ಮಾಡೋಣ. ನಮ್ಮ ಹೆಂಗಸರು ಕೊಡ ಹಿಡಿದು ಬಾವಿಯಿಂದ ದೂರ ನಿಲ್ಲಬೇಕಿತ್ತು. ಮೇಲಿನ ಜಾತಿಯ ಯಾರಿಗಾದರೂ ಮನಸ್ಸು ಬಂದು, ಸೇದಿ, ಕೊಡಕ್ಕೆ ಕೊಡ ತಾಗದಂತೆ ಮೇಲಿಂದ ಸುರಿದರೆ ಆವತ್ತು ಮನೆಯಲ್ಲಿ ನೀರು. ಇಲ್ಲದಿದ್ದರೆ ಹಳ್ಳದ ವರತೆ. ಅಸ್ಪೃಶ್ಯತೆ ಅಪರಾಧ ಎಂದು 1955ರಲ್ಲಿ ಕಾನೂನು ಬಂದರೂ ಎಷ್ಟೋ ಊರುಗಳ ಬಾವಿಕಟ್ಟೆಗೆ ಅದು ಎಷ್ಟೋ ವರ್ಷ ತಲುಪಲೇ ಇಲ್ಲ.

ನೀರೂ ನೀವು ಹೇಳುವಷ್ಟು ಅಮೃತವಾಗಿರಲಿಲ್ಲ. ಇವತ್ತು ಪುರಾತನ ವೈಭವ ಎಂದು ದೀಪ ಹಚ್ಚಿಸಿಕೊಳ್ಳುವ ಮೆಟ್ಟಿಲು ಬಾವಿಗಳೇ ನಾರುಹುಣ್ಣಿನ ತವರು. ಆ ನೀರು ಕುಡಿದ ಮೇಲೆ ಹುಳು ಮೈಯೊಳಗೆ ಸುಮಾರು ಒಂದು ವರ್ಷ ಬೆಳೆಯುತ್ತಿತ್ತು. ಆಮೇಲೆ ಕಾಲಲ್ಲಿ ಬೊಬ್ಬೆ ಎದ್ದು, ಬೆಂಕಿ ಇಟ್ಟಂತೆ ಉರಿದು, ಒಡೆದು, ಬಿಳಿ ದಾರದಂಥದ್ದು ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲ ಎಳೆಯಬೇಕು. ಅವಸರ ಮಾಡಿ ಹುಳು ತುಂಡಾದರೆ ಕಾಲೆಲ್ಲ ಕೀವು. ಪೂರ್ತಿ ಹೊರಬರಲು ವಾರಗಟ್ಟಲೆ ಬೇಕು, ಅದೂ ಬಿತ್ತನೆ ಕೊಯ್ಲಿನ ಹೊತ್ತಿಗೇ ಬಂದರೆ ಆ ವರ್ಷದ ಕೂಲಿ ಹೋಯಿತು. 1984ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳೇ ಸುಮಾರು 40 ಸಾವಿರ. ರೋಗ ಇದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೀರು ಸೋಸಿ ಕುಡಿಯಲು ಕಲಿಸಿ, ಮೆಟ್ಟಿಲು ಬಾವಿ ಮುಚ್ಚಿ, ಬೋರ್‌ವೆಲ್ ಕೊರೆದು, ಕೈಪಂಪು ಹಾಕಿದ ಮೇಲೆ 2000ದಲ್ಲಿ ಭಾರತ ಇದರಿಂದ ಮುಕ್ತ ಎಂದು ಘೋಷಣೆಯಾಯಿತು. ನಮ್ಮ ಕೇರಿಯ ಹಿರಿಯರ ಕಣಕಾಲಿನಲ್ಲಿ ಆ ಕಲೆ ಈಗಲೂ ಇದೆ. ಮೆಟ್ಟಿಲು ಬಾವಿಯ ಮುಂದೆ ಸೆಲ್ಫಿ ತೆಗೆಯುವವರು ಆ ಕಾಲುಗಳನ್ನೊಮ್ಮೆ ನೋಡಲಿ.

'ಅಜ್ಜಿ ಹತ್ತು ಹೆತ್ತು ಗಟ್ಟಿಯಾಗೇ ಇದ್ದಳು' ಎಂದು ಹೆಮ್ಮೆಪಡುತ್ತೀರಿ. ಹತ್ತರಲ್ಲಿ ಉಳಿದದ್ದೆಷ್ಟು, ಕೇಳಿದ್ದೀರಾ? ಸ್ವಾತಂತ್ರ್ಯ ಬಂದ ಹೊಸತರಲ್ಲಿ ಈ ದೇಶದವರ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸು. ಹುಟ್ಟಿದ 1000 ಮಕ್ಕಳಲ್ಲಿ ಸುಮಾರು 150 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಮಣ್ಣು ಸೇರುತ್ತಿದ್ದವು. 1951ರ ಜನಗಣತಿಯಲ್ಲಿ ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತೂ ಇರಲಿಲ್ಲ. ಅದಕ್ಕೂ ಹಿಂದೆ, ಎಂಟು ತುಂಬದ ಹೆಣ್ಣುಮಕ್ಕಳಿಗೆ ಮದುವೆ ಮಾಡಬೇಡಿ ಎಂದು ಹೇಳಲು ಮೈಸೂರು ಸಂಸ್ಥಾನ 1894ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಸಂಸಾರ ಏನೆಂದು ತಿಳಿಯುವ ಮೊದಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಮನೆಯವರೆಲ್ಲರ ಬಾಣಂತನ ಮಾಡುತ್ತ ಮುಪ್ಪಾದ ಹೆಣ್ಣುಗಳ ಬಾಳು ಎಂಥದೆಂದು ಎಂ.ಕೆ. ಇಂದಿರಾ 'ಫಣಿಯಮ್ಮ' ಕಾದಂಬರಿಯಲ್ಲಿ ಬರೆದರು, ಪ್ರೇಮಾ ಕಾರಂತ ಅದನ್ನು ಸಿನಿಮಾ ಮಾಡಿದರು. ಅವಿಭಕ್ತ ಕುಟುಂಬದ ಗುಣಗಾನ ಮಾಡುವವರ ಬಾಯಲ್ಲಿ ಹೊಗೆ ಕುಡಿದು ಕಣ್ಣು ಕಳೆದುಕೊಂಡ ಸೊಸೆಯರ ಹೆಸರು ಬರುವುದಿಲ್ಲ. ಮುಟ್ಟಾದಾಗ ಹೊರಗೆ ಕೂತವರ ಹೆಸರೂ ಬರುವುದಿಲ್ಲ.

ಇನ್ನು ತುಂಬಿದ ಕಣಜದ ಮಾತು. ಅದು ತುಂಬಿದ್ದು ಗೇಣಿಯಿಂದ, ಬಿಟ್ಟಿ ದುಡಿಮೆಯಿಂದ, ಜೀತದಿಂದ. ಮದುವೆಗೆಂದೋ ಮಣ್ಣಿಗೆಂದೋ ಅಪ್ಪ ಮಾಡಿದ ಪುಡಿಸಾಲಕ್ಕೆ ಮಗ ಜೀತಕ್ಕೆ ಬೀಳುತ್ತಿದ್ದ. ಬಡ್ಡಿ ಬೆಳೆದಂತೆ ಮೊಮ್ಮಗನೂ ಬೀಳುತ್ತಿದ್ದ. ಕವಿ ಸಿದ್ಧಲಿಂಗಯ್ಯ ತಮ್ಮ ಆತ್ಮಕಥೆ 'ಊರುಕೇರಿ'ಯಲ್ಲಿ ಹೇಳುವ ಒಂದು ನೋಟ ನನ್ನನ್ನು ಬಿಟ್ಟಿಲ್ಲ: ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಅವರಲ್ಲೊಬ್ಬ ಅದನ್ನು ಕಂಡ ಹುಡುಗ ಸಿದ್ಧಲಿಂಗಯ್ಯನ ಅಪ್ಪ. ಇದೇ ನಿಮ್ಮ ಸುವರ್ಣಕಾಲದ ಬೇಸಾಯ.

ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುತ್ತಿದ್ದ ನೆಲ ತಮಗೇ ಸೇರಲಿ ಎಂದು ಎಂಟು ಲಕ್ಷಕ್ಕೂ ಹೆಚ್ಚು ಗೇಣಿದಾರರ ಅರ್ಜಿ ಬಿತ್ತು. ಜೀತ ಪದ್ಧತಿ ರದ್ದತಿ ಕಾನೂನು ಬಂದದ್ದು 1976ರಲ್ಲಿ. 'ಡಿಕ್ಲರೇಶನ್ ಕೊಟ್ಟು ನಮ್ಮ ಜಮೀನು ಹೊಡೆದುಕೊಂಡರು' ಎಂದು ಈಗಲೂ ನಿಟ್ಟುಸಿರು ಬಿಡುವ ಮನೆಗಳಿವೆ. ಆ ಜಮೀನು ಹೋದ ವರ್ಷವೇ, ಅದೇ ಊರಿನಲ್ಲಿ, ತಲೆಮಾರುಗಳಿಂದ ಉತ್ತ ನೆಲದ ಪಹಣಿಯಲ್ಲಿ ಮೊದಲ ಸಲ ತನ್ನ ಹೆಸರು ಕಂಡವನ ಮನೆಯಲ್ಲಿ ಪಾಯಸ ಮಾಡಿದ್ದರು. ಅವನ ಮನೆಯ ನೆನಪು ಯಾವ ಪತ್ರಿಕೆಯ ಪುರವಣಿಗೂ ಬರಲಿಲ್ಲ.

ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಈ ರಾಜ್ಯದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿ ಬರಬೇಕಾಯಿತು. ಅವರು ನಿಷೇಧ ಹಾಕಿದ್ದು 1970ರ ದಶಕದಲ್ಲಿ. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಅದೇ ಕೆಲಸದ ಜನ, ತಮ್ಮನ್ನು ಮನೆಯಿಂದ ಎತ್ತಂಗಡಿ ಮಾಡುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ನೀವು ಮರಳಿ ಬರಲಿ ಎಂದು ಹಂಬಲಿಸುವ ಕಾಲ ಅವರ ಪಾಲಿಗೆ ಮುಗಿದೇ ಇರಲಿಲ್ಲ.

ಒಂದು ಮಾತು ಬಂದೇ ಬರುತ್ತದೆ: 'ಬಡ ಮುದುಕರೂ ಹಿಂದಿನ ಕಾಲವೇ ಚೆಂದ ಅನ್ನುತ್ತಾರಲ್ಲ?' ಹೌದು, ಅನ್ನುತ್ತಾರೆ. ಕೂತು ಮಾತಾಡಿಸಿದರೆ ಏಕೆಂದು ಗೊತ್ತಾಗುತ್ತದೆ. ದನ ಮೇಯಿಸುತ್ತಿದ್ದ ಗೋಮಾಳ ಲೇಔಟ್ ಆಗಿದೆ, ಮೀನು ಹಿಡಿಯುತ್ತಿದ್ದ ಕೆರೆ ಒತ್ತುವರಿಯಾಗಿದೆ, ಮಕ್ಕಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ವರ್ಷಕ್ಕೊಮ್ಮೆ ಬರುತ್ತಾರೆ. ಅವರು ನೆನೆಯುವುದು ಕಳೆದುಕೊಂಡ ಹುಲ್ಲನ್ನು, ನೀರನ್ನು, ಒಡನಾಟವನ್ನು. ಗೌಡನ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ಭಾಗ್ಯ ಮತ್ತೆ ಬರಲಿ ಎಂದು ಅವರಲ್ಲಿ ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ.

ಹಿಂದಿನ ಕಾಲದಲ್ಲಿ ಒಳ್ಳೆಯದು ಇರಲೇ ಇಲ್ಲವೇ? ಇತ್ತು. ಅದನ್ನು ಮಾಡಿದವರು ಯಾರು ಎಂಬಲ್ಲೇ ಎರಡನೆಯ ವಂಚನೆ ನಡೆದಿದೆ. ಕೆರೆಗಳ ಏರಿ ಕಟ್ಟಿದವರು ಒಡ್ಡರು, ತೂಬೆತ್ತಿ ಹದವರಿತು ನೀರು ಬಿಟ್ಟವನು ನೀರಗಂಟಿ, ಬೀಜ ಆರಿಸಿ ಮಡಕೆಯಲ್ಲಿ ಕಾಪಿಟ್ಟವಳು ಕೂಲಿಯವಳು, ತಿಂಗಳುಗಟ್ಟಲೆ ಹಾಡುವಷ್ಟು ಕಾವ್ಯ ಬಾಯಲ್ಲಿಟ್ಟುಕೊಂಡವರು ಅಕ್ಷರ ಕಾಣದವರು. ಶಾಸನದಲ್ಲಿ ಉಳಿದದ್ದು ಮಾತ್ರ ಕಟ್ಟಿಸಿದವನ ಹೆಸರು. ದುಃಖವನ್ನು ಮುಚ್ಚಿಟ್ಟಿರಿ, ಜಾಣ್ಮೆಯನ್ನು ಕದ್ದಿರಿ.

ಇಷ್ಟಾದ ಮೇಲೂ ಗತಕಾಲವನ್ನು ಬಿಟ್ಟುಕೊಡಲು ನಾವು ತಯಾರಿಲ್ಲ. ಅದು ನಮ್ಮದೂ ಹೌದು. ನಮ್ಮ ಹುಡುಗ ಹುಡುಗಿಯರು ಕೈಯಲ್ಲಿರುವ ಮೊಬೈಲು ತೆಗೆದು, ಕೇರಿಯ ಅಜ್ಜಿಯರ, ಜೀತ ಬಿಟ್ಟು ಬಂದ ಮುದುಕರ, ಸೂಲಗಿತ್ತಿಯರ ಮಾತನ್ನು ಇವತ್ತೇ ದಾಖಲು ಮಾಡಲಿ. ಆ ತಲೆಮಾರು ದಿನೇ ದಿನೇ ಕರಗುತ್ತಿದೆ. ವಸ್ತು ಸಂಗ್ರಹಾಲಯದಲ್ಲಿ ಬೀಸುಕಲ್ಲು ಇಟ್ಟರೆ, ಅದನ್ನು ನಸುಕಿನಲ್ಲೆದ್ದು ತಿರುಗಿಸಿದ ಹೆಂಗಸಿನ ಬದುಕನ್ನೂ ಪಕ್ಕದಲ್ಲಿ ಬರೆದು ಹಾಕಲಿ. ಪಠ್ಯಪುಸ್ತಕದ 'ನಮ್ಮ ಹಳ್ಳಿ' ಪಾಠದಲ್ಲಿ ಊರಿನ ಜೊತೆಗೆ ಕೇರಿಯೂ ಇರಲಿ. ಅಲ್ಲಿಯ ತನಕ 'ಆ ಕಾಲ ಚೆನ್ನಾಗಿತ್ತು' ಎಂದು ಯಾರಾದರೂ ಎದುರಿಗೆ ಹೇಳಿದರೆ, ಸುಮ್ಮನೆ ತಲೆಯಾಡಿಸಬೇಡಿ. 'ಯಾರಿಗೆ?' ಎಂದು ಕೇಳಿ.