ಮಗು ಅತ್ತರೆ ಮಾತು ತಾಯಿಗೇ ಏಕೆ?

ಬಸ್ಸಿನಲ್ಲಾಗಲಿ, ರೈಲಿನಲ್ಲಾಗಲಿ, ವಿಮಾನದಲ್ಲಾಗಲಿ, ಮಗುವೊಂದು ಜೋರಾಗಿ ಅತ್ತಿತೆಂದರೆ ಎಲ್ಲರ ಕಣ್ಣೂ ತಾಯಿಯ ಕಡೆಗೇ ತಿರುಗುತ್ತದೆ. ಪಕ್ಕದಲ್ಲೇ ಕುಳಿತ ತಂದೆಯನ್ನು ಯಾರೂ ನೋಡುವುದಿಲ್ಲ. ಶಾಲೆಯಲ್ಲಿ ಬಹುಮಾನ ತಂದ ದಿನ 'ನನ್ನ ಮಗ' ಆಗಿದ್ದವನು ಪ್ರಯಾಣದಲ್ಲಿ ಗದ್ದಲ ಮಾಡಿದ ಕೂಡಲೇ 'ನಿನ್ನ ಮಗ' ಆಗಿಬಿಡುತ್ತಾನೆ. ಇದು ಸಣ್ಣ ವಿಷಯವೆಂದು ನೀವು ಅಂದುಕೊಳ್ಳಬಹುದು. ಸಣ್ಣದಲ್ಲ ಗೆಳತಿಯರೇ, ಏಕೆಂಬುದನ್ನು ಹೇಳುತ್ತೇನೆ.

ವಿಮಾನವೆಂದರೆ ನಮಗೇನು ಸಂಬಂಧ ಎಂದು ರಾಗಿಗುಡ್ಡದ ನಾವು ಈಗ ಕೇಳುವಂತಿಲ್ಲ. ನಮ್ಮ ಸೋಗಾನೆಯ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿಟ್ಟರು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿಗೆ ಮೊದಲ ವಿಮಾನಸೇವೆ ಶುರುವಾಯಿತು. ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೋಗುವ ತಾಯಂದಿರು, ಹಸುಗೂಸು ಎತ್ತಿಕೊಂಡು ತವರಿಗೆ ಬರುವ ಹೆಣ್ಣುಮಕ್ಕಳು ನಮ್ಮ ಬೀದಿಯಲ್ಲೂ ಇದ್ದಾರೆ.

ನಮ್ಮ ಸಂಘದ ಸದಸ್ಯೆಯೊಬ್ಬರು ಹಾಗೆಯೇ ಮಗಳು, ಅಳಿಯ, ಎಂಟು ತಿಂಗಳ ಮೊಮ್ಮಗುವಿನ ಜೊತೆ ವಿಮಾನದಲ್ಲಿ ಹೋಗಿ ಬಂದರು. ವಿಮಾನ ಇಳಿಯತೊಡಗಿದಾಗ ಮಗು ಚೀರಲಾರಂಭಿಸಿತು. ಹಿಂದಿನ ಸಾಲಿನಿಂದ ಒಬ್ಬರು "ಏನಮ್ಮಾ, ಒಂದು ಮಗೂನ ಸುಮ್ಮನಿರಿಸೋಕೆ ಬರಲ್ವಾ?" ಎಂದು ಗದರಿದರು. ಅಳಿಯ ಕಿವಿಗೆ ಹಾಡಿನ ವೈರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿಕೊಂಡಿದ್ದ. ಮನೆ ಸೇರಿದ ಮೇಲೆ "ಹತ್ತು ಜನರ ಮುಂದೆ ನನ್ನ ಮಾನ ಕಳೆದೆ" ಎಂದು ಹೆಂಡತಿಯ ಮೇಲೆ ಕೈ ಎತ್ತಿದ. ಯಾರೋ ಅಪರಿಚಿತರು ಆಡಿದ ಒಂದು ಮಾತು ಮನೆಯೊಳಗೆ ಹೊಡೆತವಾಗಿ ಬಂತು. ಹೀಗಿರುವಾಗ ಇದನ್ನು ಸಣ್ಣ ವಿಷಯ ಎನ್ನುವುದು ಹೇಗೆ?

ಮಗು ಚೀರಿದ್ದೇಕೆ? ವಿಮಾನ ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಒಳಗಿನ ಗಾಳಿಯ ಒತ್ತಡ ಬದಲಾಗುತ್ತದೆ. ಕಿವಿಯ ಒಳಭಾಗದಿಂದ ಗಂಟಲಿನ ಕಡೆಗೆ ಒಂದು ಸಣ್ಣ ನಾಳವಿದೆ. ನಾವು ನುಂಗಿದಾಗ, ಆಕಳಿಸಿದಾಗ ಅದು ತೆರೆದುಕೊಂಡು ಒತ್ತಡ ಸಮವಾಗುತ್ತದೆ. ಮಕ್ಕಳಲ್ಲಿ ಈ ನಾಳ ಕಿರಿದು, ನೆಗಡಿಯಿದ್ದರೆ ಇನ್ನೂ ಕಷ್ಟ. ದೊಡ್ಡವರಾದರೆ ಉಗುಳು ನುಂಗುತ್ತೇವೆ. ಮಗುವಿಗೆ ಅದು ತಿಳಿಯದು. ನೋವಾಗುತ್ತದೆ, ಅಳುತ್ತದೆ. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ಮಗುವಿನ ಹಟವೂ ಇಲ್ಲ. ಆ ಹೊತ್ತಿನಲ್ಲಿ ಎದೆಹಾಲು ಕುಡಿಸಿದರೆ, ಸ್ವಲ್ಪ ದೊಡ್ಡ ಮಗುವಿಗೆ ಗುಟುಕು ಗುಟುಕಾಗಿ ನೀರು ಕೊಟ್ಟರೆ ನೋವು ಕಡಿಮೆಯಾಗುತ್ತದೆ. ನೆಗಡಿ, ಕಿವಿನೋವು ಇರುವ ಕೂಸಾದರೆ ಹೊರಡುವ ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಎಲ್ಲ ಗದ್ದಲವೂ ನೋವಿನದಲ್ಲ ಎಂಬುದೂ ನಿಜ. ಹೆತ್ತವರಿಗೆ ಹೆಗ್ಗಣ ಮುದ್ದು. ಐದಾರು ವರ್ಷದ ಹುಡುಗ ಮುಂದಿನ ಸೀಟಿಗೆ ಒದೆಯುತ್ತಿದ್ದರೆ, ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಂಡರೆ, ನಡುವಿನ ದಾರಿಯಲ್ಲಿ ಓಡಾಡಿದರೆ ಇತರರಿಗೆ ತೊಂದರೆಯೇ. ರಾತ್ರಿ ಪಾಳಿ ಮುಗಿಸಿ ಬಂದವರು, ಕಾಯಿಲೆಯವರು, ವಯಸ್ಸಾದವರು ಆ ಸೀಟಿನಲ್ಲಿರುತ್ತಾರೆ. 'ಮಕ್ಕಳು ಅಲ್ವಾ ಬಿಡಿ' ಎಂದು ನಕ್ಕು ಸುಮ್ಮನಾಗುವ ಹೆತ್ತವರನ್ನು ನಾನು ಸಮರ್ಥಿಸುವುದಿಲ್ಲ. ಗಂಡುಮಗುವಿಗೆ ಏನು ಮಾಡಿದರೂ ನಡೆಯುತ್ತದೆ ಎಂದು ಕಲಿಸುವುದು ಇಲ್ಲಿಂದಲೇ ಆರಂಭವಾಗುತ್ತದೆ. ಆದರೆ ತಿದ್ದುವ ಕೆಲಸ ತಾಯಿಯೊಬ್ಬಳದೇ ಏಕಾಗಬೇಕು? ಟಿಕೆಟ್ಟಿನ ಹಣ ಕೊಟ್ಟೆನೆಂದರೆ ತಂದೆಯ ಹೊಣೆ ಮುಗಿಯಿತೇ?

ದೊಡ್ಡ ಸಂಸ್ಥೆಗಳೂ ಇದೇ ತಪ್ಪು ಮಾಡುತ್ತವೆ. 2022ರ ಮೇ 7ರಂದು ರಾಂಚಿ ವಿಮಾನ ನಿಲ್ದಾಣದಲ್ಲಿ ಇಂಡಿಗೋ ಸಂಸ್ಥೆಯ ಸಿಬ್ಬಂದಿ ಹೈದರಾಬಾದಿಗೆ ಹೊರಟಿದ್ದ ವಿಶೇಷ ಚೇತನ ಬಾಲಕನೊಬ್ಬನನ್ನು ವಿಮಾನ ಹತ್ತಲು ಬಿಡಲಿಲ್ಲ. ಹುಡುಗ ಗಾಬರಿಯಲ್ಲಿದ್ದಾನೆ, ಇತರರಿಗೆ ಅಪಾಯ ಎಂಬುದು ಅವರು ಕೊಟ್ಟ ಕಾರಣ. ಅವನನ್ನು ಬಿಟ್ಟು ತಂದೆ ತಾಯಿ ಹೋದಾರೆಯೇ? ಅವರೂ ಉಳಿದರು. ಅಲ್ಲಿದ್ದ ಸಹಪ್ರಯಾಣಿಕರು, ಅವರಲ್ಲಿ ವೈದ್ಯರೂ ಇದ್ದರು, 'ನಮಗೇನೂ ತೊಂದರೆಯಿಲ್ಲ, ಅವರನ್ನು ಹತ್ತಿಸಿ' ಎಂದು ವಾದಿಸಿದರು. ಆ ಮಾತಿಗೆ ಅಂದು ಬೆಲೆ ಸಿಗಲಿಲ್ಲ. ಆದರೆ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಚಾರಣೆ ನಡೆಸಿ, ಸಿಬ್ಬಂದಿ ಕನಿಕರದಿಂದ ವರ್ತಿಸಿದ್ದರೆ ಹುಡುಗ ಶಾಂತನಾಗುತ್ತಿದ್ದ ಎಂದು ಹೇಳಿ, ಮೇ 28ರಂದು ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ಹಾಕಿತು. ನ್ಯಾಯದ ಪರವಾಗಿ ಮೊದಲು ದನಿಯೆತ್ತಿದ್ದು ಕ್ಯೂನಲ್ಲಿ ನಿಂತಿದ್ದ ಸಾಮಾನ್ಯ ಜನ ಎಂಬುದನ್ನು ನಾವು ನೆನಪಿಡಬೇಕು.

ವಿಮಾನದಲ್ಲಿ ದುರ್ವರ್ತನೆ ಮಾಡುವವರಿಗಾಗಿ 2017ರಲ್ಲಿ ನಿಯಮವೊಂದು ಬಂತು. ಅದರಲ್ಲಿ ಮೂರು ಹಂತಗಳನ್ನು ಗುರುತಿಸಿದರು: ಬಾಯಿಮಾತಿನ ದುರ್ವರ್ತನೆ ಮತ್ತು ಕುಡಿದು ಮಾಡುವ ಗಲಾಟೆಗೆ ಮೂರು ತಿಂಗಳವರೆಗೆ ಪ್ರಯಾಣ ನಿಷೇಧ, ಮೈಮೇಲೆ ಕೈ ಮಾಡಿದರೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು. ನೋವಿನಿಂದ ಅಳುವ ಕೂಸು ಈ ಯಾವ ಹಂತಕ್ಕೂ ಸೇರುವುದಿಲ್ಲ. ಆ ಕೂಸಿನ ತಾಯಿಗೆ ಬಾಯಿಗೆ ಬಂದಂತೆ ಬೈಯುವ ದೊಡ್ಡ ಮನುಷ್ಯ ಮಾತ್ರ ಮೊದಲನೆಯ ಹಂತವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಕಂಪನಿಗಳ ಇನ್ನೊಂದು ವ್ಯಾಪಾರವನ್ನೂ ನೋಡಿ. ಇಷ್ಟವಾದ ಸೀಟು ಬೇಕಾದರೆ ಬೇರೆ ಹಣ ಕೊಡಿ ಎನ್ನುತ್ತಾರೆ. ಹಣ ಕೊಡದಿದ್ದರೆ ತಾಯಿ ಒಂದು ಕಡೆ, ಮಗು ಒಂದು ಕಡೆ. ಆಮೇಲೆ ಮಗು ಅತ್ತಿತು ಎಂದು ದೂರು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ. 2024ರ ಏಪ್ರಿಲ್‌ನಲ್ಲಿ ಮಹಾನಿರ್ದೇಶನಾಲಯವು 12 ವರ್ಷದವರೆಗಿನ ಮಕ್ಕಳಿಗೆ, ಒಂದೇ ಟಿಕೆಟ್ಟಿನಲ್ಲಿ ಹೋಗುವ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಸೀಟು ಕೊಡಬೇಕೆಂದು ಆದೇಶಿಸಿತು. ಇದನ್ನು ತಿಳಿದುಕೊಂಡು ಕೌಂಟರಿನಲ್ಲಿ ಧೈರ್ಯವಾಗಿ ಕೇಳಿ. 'ತಂದೆ ಅಥವಾ ತಾಯಿ' ಎಂಬ ಮಾತನ್ನೂ ಗಮನಿಸಿ. ಮಗುವನ್ನು ತಾಯಿಯ ಪಕ್ಕದಲ್ಲೇ ಕೂರಿಸಬೇಕೆಂದು ಅದರಲ್ಲಿ ಎಲ್ಲೂ ಇಲ್ಲ.

ವಿಮಾನ ಹತ್ತದವರಿಗೂ ಈ ಮಾತು ಅನ್ವಯಿಸುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವ ಹೆಂಗಸರು ಹೆಚ್ಚಾದರು. 'ಫ್ರೀ ಅಂತ ಮಕ್ಕಳು ಮರಿ ಎಲ್ಲ ಕಟ್ಟಿಕೊಂಡು ಬರ್ತಾರೆ' ಎಂಬ ಮಾತನ್ನು ಭದ್ರಾವತಿ ಬಸ್ಸಿನಲ್ಲಿ ನಾನೇ ಕೇಳಿದ್ದೇನೆ. ಮಗುವಿನ ಅಳುವಿಗೆ ಈ ಜನ ಸಿಟ್ಟಾಗುತ್ತಾರೋ, ಹೆಣ್ಣು ಮನೆಯಿಂದ ಹೊರಗೆ ಬಂದಳೆಂದು ಸಿಟ್ಟಾಗುತ್ತಾರೋ?

ಇನ್ನೊಂದು ಮಾತು. ಮನೆಯಲ್ಲಿ ದಿನವೂ ಹೊಡೆತ ಬಡಿತ ನೋಡುವ ಮಗು ಕೆಲವೊಮ್ಮೆ ಸಣ್ಣ ಸದ್ದಿಗೂ ಬೆಚ್ಚುತ್ತದೆ, ತಾಯಿಯನ್ನು ಬಿಡದೆ ಕಿರುಚುತ್ತದೆ. ಅಂಥ ತಾಯಿ ಬಹುಶಃ ಮಗುವನ್ನೆತ್ತಿಕೊಂಡು ತವರಿಗೋ ಅಕ್ಕನ ಮನೆಗೋ ಹೊರಟಿರುತ್ತಾಳೆ. ಅವಳ ಜೀವಮಾನದ ಅತಿ ಕಷ್ಟದ ಪ್ರಯಾಣ ಅದು. ಅಲ್ಲಿ ನಮ್ಮ ಒಂದು ಕೆಟ್ಟ ನೋಟ ಅವಳನ್ನು ಅದೇ ಮನೆಗೆ ವಾಪಸು ಕಳಿಸಬಲ್ಲದು.

ಹಾಗಾದರೆ ನಾವೇನು ಮಾಡಬಹುದು? ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇದನ್ನು ಚರ್ಚಿಸಿ. ಹೊರಡುವ ಮೊದಲೇ ಗಂಡ ಹೆಂಡತಿ ಸರದಿ ಮಾತಾಡಿಕೊಳ್ಳಲಿ: ಏರುವಾಗ ಒಬ್ಬರು, ಇಳಿಯುವಾಗ ಇನ್ನೊಬ್ಬರು. ಮಗು ಒದೆಯುತ್ತಿದ್ದರೆ ಹೇಳಿ, ಆದರೆ ಇಬ್ಬರಿಗೂ ಹೇಳಿ, ಬೈಯದೆ ಹೇಳಿ. ಒಂಟಿ ತಾಯಿಯಾದರೆ "ಸ್ವಲ್ಪ ಹೊತ್ತು ನಾನು ಎತ್ತಿಕೊಳ್ಳಲಾ ತಂಗಿ?" ಎಂದು ಕೇಳಿ. ಗಂಡ ಕಣ್ಣು ಕೆಂಪಗೆ ಮಾಡುತ್ತಿದ್ದರೆ ಅವನ ಕೈಗೇ ಮಗುವನ್ನು ಕೊಡುವಂತೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಾದರೂ ಇರಲಿ. ಕೈ ಎತ್ತುವ ಮನೆಯಾದರೆ 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಅವಳ ಕಿವಿಗೆ ಹಾಕಿ.