ಹಳೆಯ ಒಲೆಗೆ ಮೊದಲು ಹೊಗೆಕೊಳವೆ

ಯಾರೋ ಬಳಸಿ ಬಿಟ್ಟ ಕಬ್ಬಿಣದ ಸೌದೆ ಒಲೆಯನ್ನು ಬಚ್ಚಲಿನ ನೀರು ಕಾಯಿಸಲು ಕಡಿಮೆ ಬೆಲೆಗೆ ಕೊಳ್ಳುವ ಸದ್ಭಕ್ತರಿದ್ದಾರೆ. ಕಾಯಕದಿಂದ ಗಳಿಸಿದ್ದನ್ನು ಮಿತವಾಗಿ ವೆಚ್ಚ ಮಾಡುವುದು ಉಚಿತವೇ. ಆದರೆ ಹೊಗೆಕೊಳವೆಯ ಖರ್ಚಿಗೆ ಹಿಂಜರಿದು ಅದನ್ನು ಸೂರಿನ ಕೆಳಗೇ ನಿಲ್ಲಿಸುವುದನ್ನು ನಾವು ಒಪ್ಪಲಾರೆವು.

ಹೊಗೆ ಕುಡಿದವನಿಗೆ ಉಬ್ಬಸ, ಸೀನು, ಕೆಮ್ಮು, ಕಣ್ಣುರಿ ತಲೆದೋರುವುದನ್ನು ಸುಶ್ರುತಸಂಹಿತೆಯು ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ‘ಧೂಮೋಪಹತ’ ಲಕ್ಷಣಗಳೆಂದು ವಿವರಿಸಿದೆ. ಹೊಗೆ ಅಡಗಿದ ಮೇಲೂ ಅಪಾಯ ತಪ್ಪದು. ಕೆಂಡವು ಸೂಸುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲಿಕ್ಕಿದ ಬಚ್ಚಲಿನಲ್ಲಿ ಅದು ಪ್ರಾಣವನ್ನೇ ತೆಗೆಯಬಲ್ಲದು.

ಆದುದರಿಂದ ಒಲೆ ಹೂಡುವ ಮುನ್ನ ಹಳೆಯ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ತುಕ್ಕು ತಿಂದು ತೂತಾಗಿದ್ದರೆ ಹೊಸದನ್ನೇ ತರಬೇಕು. ಬಾಗುಗಳು ಕಡಿಮೆಯಿರಲಿ; ತುದಿ ಮಾಡಿನ ನೆತ್ತಿಗಿಂತ ಎರಡಡಿಯಾದರೂ ಮೇಲಿರಲಿ; ಮಳೆ ತಡೆಯಲು ಟೋಪಿಯಿರಲಿ. ಕೊಳವೆ ಮರದ ತೊಲೆಗೆ ತಾಗಬಾರದು. ತಿಂಗಳಿಗೊಮ್ಮೆ ಮಸಿ ಕೆಡವಬೇಕು. ಚಳಿಯೆಂದು ಗೋಡೆಯ ಗವಾಕ್ಷಿಯನ್ನು ಮುಚ್ಚಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ರೂಪಿಸಿ, 1980ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆಯಲ್ಲಿಯೂ ಹೊಗೆಕೊಳವೆ ಒಲೆಯ ಅಂಗವೇ ಆಗಿತ್ತು. ಕೊಳವೆಗೆ ಹಣ ಕೂಡುವವರೆಗೆ ಒಲೆಯನ್ನು ಅಂಗಳದಲ್ಲಿಯೇ ಹೂಡಬೇಕೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.