ಕೋಡಿಂಗ್ ಬಿಟ್ಟು ಬ್ಯಾಂಕಿಂಗ್‌ಗೆ ಹಾರುವ ಮುನ್ನ

ಕ್ಯಾಂಪಸ್ ಸಂದರ್ಶನದ ದಿನಗಳು ಹತ್ತಿರ ಬಂದಂತೆ ನಮ್ಮ ಕ್ಯಾಂಟೀನಿನ ಮಾತೇ ಬದಲಾಗಿದೆ. ಯಾವ ಸಾಫ್ಟ್‌ವೇರ್ ಕಂಪನಿ ಬರುತ್ತದೆ ಎಂದು ಕೇಳುತ್ತಿದ್ದವರ ಬಾಯಲ್ಲಿ ಈಗ ‘ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್’ ಜಪ. ಅವರಲ್ಲಿ ನಾನೂ ಒಬ್ಬ. ಬಿ.ಇ. ಮೂರನೇ ವರ್ಷದಲ್ಲಿರುವ ನನ್ನ ಆಸೆ ಕೇಳಿದ ಅಪ್ಪ ಅಂದದ್ದು ಇಷ್ಟೇ: ‘ಬ್ಯಾಂಕಿಗೇ ಹೋಗೋದಾಗಿದ್ರೆ ಬಿ.ಕಾಂ. ಸಾಕಿತ್ತಲ್ಲಪ್ಪ, ಇಷ್ಟು ಸಾಲ ಯಾಕೆ ಬೇಕಿತ್ತು?’

ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಇದು ಠೇವಣಿ, ಪಾಸ್‌ಬುಕ್‌ಗಳ ಬ್ಯಾಂಕ್ ಅಲ್ಲ. ಕಂಪನಿಗಳಿಗೆ ಬಂಡವಾಳ ಹೊಂದಿಸಿಕೊಡುವುದು, ಷೇರಿಗೆ ಬೆಲೆ ಕಟ್ಟುವುದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಸಲಹೆ ನೀಡುವುದು ಇದರ ಕೆಲಸ. 1993ರಲ್ಲಿ ಇನ್ಫೊಸಿಸ್ ತನ್ನ ಷೇರನ್ನು 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಾಗ ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. ಶೇ 13ರಷ್ಟು ಪಾಲು ಕೊಂಡು ಕೈಹಿಡಿದದ್ದು ಮಾರ್ಗನ್ ಸ್ಟಾನ್ಲಿ. ಸಾಫ್ಟ್‌ವೇರ್ ಕಂಪನಿಯ ಬೆಲೆ ಅಳೆಯುವ ಜಾಗದಲ್ಲಿ ಸಾಫ್ಟ್‌ವೇರ್ ಬಲ್ಲವರು ಕೂತರೆ, ಓದಿದ ಎಂಜಿನಿಯರಿಂಗ್ ವ್ಯರ್ಥವೇನೂ ಆಗುವುದಿಲ್ಲ.

ಆದರೆ ಒಂದು ಭ್ರಮೆ ಬಿಡಬೇಕು. ಗೋಲ್ಡ್‌ಮನ್ ಸ್ಯಾಕ್ಸ್, ಜೆ.ಪಿ. ಮಾರ್ಗನ್‌ನಂಥ ಸಂಸ್ಥೆಗಳ ಬೆಂಗಳೂರು ಕಚೇರಿ ಸೇರುವ ಎಂಜಿನಿಯರುಗಳಲ್ಲಿ ಬಹಳಷ್ಟು ಮಂದಿ ಅಲ್ಲೂ ಬರೆಯುವುದು ಕೋಡನ್ನೇ. ಅದು ಒಳ್ಳೆಯ ಕೆಲಸವೇ, ಆದರೆ ವೃತ್ತಿ ಬದಲಾದಂತಲ್ಲ. ವ್ಯವಹಾರ ಕುದುರಿಸುವ ತಂಡ ಸೇರಬೇಕಾದರೆ ಬ್ಯಾಲೆನ್ಸ್ ಶೀಟ್ ಓದಲು ಬರಬೇಕು. ಅದಕ್ಕೆ ಕ್ಯಾಟ್ ಬರೆದು ಒಳ್ಳೆಯ ಕಡೆ ಎಂಬಿಎ ಮಾಡಬೇಕು, ಇಲ್ಲವೇ ಮೂರು ಹಂತದ ಸಿಎಫ್‌ಎ ಪರೀಕ್ಷೆ ಬರೆಯಬೇಕು. ಎರಡಕ್ಕೂ ವರ್ಷಗಳು ಬೇಕು, ಮತ್ತಷ್ಟು ಹಣ ಬೇಕು. ಆಮೇಲೆ ರಾತ್ರಿ, ಭಾನುವಾರ ಎನ್ನದ ದುಡಿಮೆ.

ಬರೀ ಪ್ಯಾಕೇಜ್ ನೋಡಿ ಹೊರಟರೆ ಮನೆಯ ಮೇಲೆ ಎರಡನೇ ಸಾಲ ಬೀಳುತ್ತದೆ. ಗೆಳೆಯರೇ, ಹೊರಡುವ ಮೊದಲು ಯಾವುದಾದರೂ ಒಂದು ಕಂಪನಿಯ ವಾರ್ಷಿಕ ವರದಿ ಓದಿ ನೋಡಿ. ಷೇರುಪೇಟೆಯ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಮುಗಿದ ಮೇಲೆ ಇನ್ನೊಂದನ್ನು ಓದುವ ಮನಸ್ಸಾದರೆ ಮುಂದಿನ ಹೆಜ್ಜೆ ಇಡಿ. ಹತ್ತು ಪುಟಕ್ಕೇ ಆಕಳಿಕೆ ಬಂದರೆ ಅಷ್ಟೇ ಲಾಭ, ಖರ್ಚಿಲ್ಲದೆ ಉತ್ತರ ಸಿಕ್ಕಿತು.

ಕಾಲೇಜುಗಳಿಗೂ ಒಂದು ಬಿನ್ನಹ. ನಮಗೆ ಲೆಕ್ಕಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಕಲಿಸಿ. ದುಡ್ಡಿದ್ದವರು ಕೋಚಿಂಗ್ ಸೇರಿ ತಮಗೆ ಇದು ಒಗ್ಗುತ್ತದೆಯೇ ಎಂದು ತಿಳಿದುಕೊಳ್ಳುತ್ತಾರೆ. ಸಾಲ ಮಾಡಿ ಓದುವವರಿಗೆ ಅದನ್ನು ತಿಳಿಯಲು ತರಗತಿ ಬಿಟ್ಟು ಬೇರೆ ಜಾಗವಿಲ್ಲ.